ಮಾಗಡಿ ಸೀಮೆಯ ಚೈತ್ರದ ತೇರು: ಪರಿಷೆಯ ಮರೆಯಲ್ಲಿ ಉಳಿದ ಬ್ರಹ್ಮೋತ್ಸವ

ಮಾಗಡಿಯ ತಿರುಮಲೆಯಲ್ಲಿ ಚೈತ್ರಮಾಸದಲ್ಲಿ ಜರುಗುವ ರಂಗನಾಥಸ್ವಾಮಿಯ ರಥೋತ್ಸವವನ್ನು ದನಗಳ ಪರಿಷೆಯ ಅಂಗವೆಂದು ಎಣಿಸುವ ರೂಢಿ ಸ್ಥಳೀಯ ಇತಿಹಾಸದ ಬರಹಗಳಲ್ಲಿ ಬೇರೂರಿದೆ. ಸುಗ್ಗಿ ಮುಗಿದು ಬಿಡುವೂ ಹಣವೂ ಕೂಡಿಬಂದ ಕಾಲದಲ್ಲಿ ಒಕ್ಕಲಿಗರು ಎತ್ತುಗಳ ವ್ಯಾಪಾರಕ್ಕೆ ನೆರೆಯುತ್ತಿದ್ದರು, ಆ ಜನಸಂದಣಿಗೆ ದೇವಾಲಯವು ತನ್ನ ತೇರನ್ನು ಹೊಂದಿಸಿಕೊಂಡಿತು ಎಂಬುದು ಈ ವಾದದ ತಿರುಳು. ಇದರ ಮೂಲವನ್ನು ಬಹುದೂರ ಹುಡುಕಬೇಕಾಗಿಲ್ಲ. 1877ರಲ್ಲಿ ಪ್ರಕಟವಾಗಿ 1897ರಲ್ಲಿ ಪರಿಷ್ಕರಣಗೊಂಡ ಬಿ.ಎಲ್. ರೈಸರ ಮೈಸೂರು ಗೆಜೆಟಿಯರ್ ಜಾತ್ರೆಗಳನ್ನು ಸಂತೆಗಳ ಜೊತೆಯಲ್ಲಿಟ್ಟು ನೋಡಿತು. ಆಡಳಿತದ ಕಣ್ಣಿಗೆ ಎರಡೂ ಜನ ಸೇರುವ, ಸರಕು ಕೈಬದಲಾಗುವ ಸಂದರ್ಭಗಳೇ ಆಗಿದ್ದವು. ರೈಸರ ಉದ್ದೇಶ ಅಷ್ಟೇ ಆಗಿದ್ದುದರಿಂದ ತಪ್ಪನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರೇ 1905ರಲ್ಲಿ ಮಾಗಡಿ, ಚನ್ನಪಟ್ಟಣ ಮತ್ತು ಅಂದು ಕಾನಕಾನಹಳ್ಳಿ ಎನಿಸಿದ್ದ ಕನಕಪುರ ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಆ ಸಂಪುಟವನ್ನು ಬದಿಗಿಟ್ಟು ಗೆಜೆಟಿಯರಿನ ಜಾತ್ರೆಗಳ ಪಟ್ಟಿಯೊಂದನ್ನೇ ಧರ್ಮೇತಿಹಾಸವೆಂದು ಓದಿದವರು ಅವರ ನಂತರದವರು.

ಪರಿಷೆಯ ವಾದಕ್ಕೆ ಬಲವಾಗಿ ತೋರುವ ಸಾಕ್ಷ್ಯ ಕಾಲದ್ದು. ಮಕರ ಸಂಕ್ರಾಂತಿಯಿಂದ ಮುಂಗಾರಿನ ಉಳುಮೆಯವರೆಗಿನ ತಿಂಗಳುಗಳಲ್ಲಿ ಈ ಸೀಮೆಯ ದನಗಳ ಪರಿಷೆಗಳು ಒಂದರ ಹಿಂದೆ ಒಂದು ಕೂಡುತ್ತವೆ. ರಾಗಿಯ ಒಕ್ಕಣೆ ಮುಗಿದಿರುತ್ತದೆ, ಮುಂದಿನ ಆರಂಭಕ್ಕೆ ಜೋಡೆತ್ತು ಬೇಕಾಗಿರುತ್ತವೆ. ತೇರಿಗೆ ಮೊದಲೇ ದನಗಳು ಬಂದು ಸೇರುವುದೂ ಸಾಮಾನ್ಯ. ಇಷ್ಟನ್ನು ಒಪ್ಪಲೇಬೇಕು. ಆದರೆ ಋತುವನ್ನು ವಿವರಿಸಿದ ಮಾತ್ರಕ್ಕೆ ದಿನವನ್ನು ವಿವರಿಸಿದಂತಾಗುವುದಿಲ್ಲ, ಮತ್ತು ಉತ್ಸವದ ವಿಷಯದಲ್ಲಿ ನಿರ್ಣಾಯಕವಾದುದು ದಿನವೇ.

ಈ ಭಾಗದ ಬೇಸಾಯಗಾರನ ಪಂಚಾಂಗವು ಮಳೆನಕ್ಷತ್ರಗಳದ್ದು. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆಗಳನ್ನು ಹೆಸರಿಸುವಾಗ ಸೂರ್ಯನು ಆಯಾ ನಕ್ಷತ್ರವನ್ನು ಪ್ರವೇಶಿಸುವ ಕಾಲವನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಆದುದರಿಂದ ಅವು ವರ್ಷವರ್ಷವೂ ಹೆಚ್ಚುಕಡಿಮೆ ಅದೇ ದಿನಾಂಕಕ್ಕೆ ಬರುತ್ತವೆ. ಅಶ್ವಿನಿ ಮಳೆ ಏಪ್ರಿಲ್ 13 ಅಥವಾ 14ಕ್ಕೆ ಹುಟ್ಟುತ್ತದೆ, ಭರಣಿ ಆ ತಿಂಗಳ ಕೊನೆಯ ವಾರದಲ್ಲಿ. ಚೈತ್ರಮಾಸವಾದರೋ ಚಾಂದ್ರಮಾನದ್ದು, ಅಂದರೆ ಚಂದ್ರನ ವೃದ್ಧಿಕ್ಷಯಗಳನ್ನು ಅನುಸರಿಸುವಂಥದ್ದು, ಹೀಗಾಗಿ ಅದು ಹಿಂದೆ ಮುಂದೆ ಸರಿಯುತ್ತಲೇ ಇರುತ್ತದೆ. 2023ರಲ್ಲಿ ರಾಮನವಮಿ ಮಾರ್ಚ್ 30ಕ್ಕೂ ಚೈತ್ರ ಪೂರ್ಣಿಮೆ ಏಪ್ರಿಲ್ 6ಕ್ಕೂ ಬಂದವು. ಆ ವರ್ಷ ಅಧಿಕ ಶ್ರಾವಣ ಬಂದುದರಿಂದ 2024ರಲ್ಲಿ ಅವೇ ತಿಥಿಗಳು ಏಪ್ರಿಲ್ 17 ಮತ್ತು 23ಕ್ಕೆ ಸರಿದವು. ಮೊದಲನೆಯ ವರ್ಷ ಚೈತ್ರದ ಹುಣ್ಣಿಮೆ ಅಶ್ವಿನಿ ಮಳೆಗೆ ಒಂದು ವಾರ ಮುಂಚೆ ಬಂದರೆ, ಎರಡನೆಯ ವರ್ಷ ಆ ಮಳೆಯ ನಡುವೆಯೇ ಬಂದಿತು. ಎತ್ತಿನ ಅಗತ್ಯವೇ ಉತ್ಸವದ ಕಾಲವನ್ನು ನಿಶ್ಚಯಿಸಿದ್ದರೆ ಅದು ಮಳೆನಕ್ಷತ್ರಕ್ಕೋ ಸಂಕ್ರಮಣಕ್ಕೋ ಕಟ್ಟುಬೀಳಬೇಕಾಗಿತ್ತು. ಹಾಗೆ ಆಗಿಲ್ಲ, ಚಾಂದ್ರಮಾನದ ಚೈತ್ರದಲ್ಲಿ ತೇರು ಇರುವುದರಿಂದ ಪರಿಷೆಯೇ ಅದರ ಹಿಂದೆ ಹೋಗಿದೆ. ಒಕ್ಕಲಿಗರು ಹಬ್ಬಗಳಿಗೆ ಚಾಂದ್ರಮಾನವನ್ನೇ ಬಳಸುತ್ತಾರಲ್ಲ ಎಂದು ಇದಕ್ಕೆ ಆಕ್ಷೇಪ ತೆಗೆಯಬಹುದು. ಬಳಸುವುದು ನಿಜ, ಆದರೆ ಹಬ್ಬಕ್ಕೆ ಒಂದು ಲೆಕ್ಕ, ಬಿತ್ತನೆಗೆ ಇನ್ನೊಂದು ಲೆಕ್ಕ ಎಂಬ ಆ ವಿವೇಕವೇ ಇಲ್ಲಿಯ ವಾದವನ್ನು ಸಮರ್ಥಿಸುತ್ತದೆ.

ಆಗಮಗಳ ಕಡೆಗೆ ತಿರುಗಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ವೈಷ್ಣವ ದೇವಾಲಯಗಳ ಪೂಜಾವಿಧಿಗಳನ್ನು ನಿರೂಪಿಸುವ ಪಾಂಚರಾತ್ರ ಮತ್ತು ವೈಖಾನಸ ಗ್ರಂಥಗಳು ಬ್ರಹ್ಮೋತ್ಸವದ ದಿನಗಳನ್ನು ಎಣಿಸುವ ಕ್ರಮ ಹಿಮ್ಮುಖವಾದುದು. ಮೊದಲು ತೀರ್ಥದ ದಿನ, ಎಂದರೆ ಉತ್ಸವಮೂರ್ತಿಗೆ ಅವಭೃತಸ್ನಾನ ನಡೆಯುವ ದಿನ, ತಿಥಿಯನ್ನೋ ನಕ್ಷತ್ರವನ್ನೋ ನೋಡಿ ಗೊತ್ತಾಗುತ್ತದೆ; ಅಲ್ಲಿಂದ ಹಿಂದಕ್ಕೆ ಎಣಿಸಿ ಗರುಡನ ಚಿತ್ರವುಳ್ಳ ಪಟವನ್ನು ಏರಿಸುವ ಧ್ವಜಾರೋಹಣವನ್ನೂ, ಅದಕ್ಕೆ ಮುನ್ನ ಹುತ್ತದ ಮಣ್ಣು ತಂದು ಪಾಲಿಕೆಗಳಲ್ಲಿ ಧಾನ್ಯ ಮೊಳೆಯಿಸುವ ಅಂಕುರಾರ್ಪಣವನ್ನೂ ಇಡಲಾಗುತ್ತದೆ. ರಥೋತ್ಸವವು ಈ ಸರಣಿಯ ನಡುವಿನ ಒಂದು ಘಟ್ಟ, ತುದಿಯಲ್ಲ. ಜನ ಹೆಚ್ಚಾಗಿ ಸೇರುವ ದಿನವನ್ನೇ ಉತ್ಸವದ ಹೃದಯವೆಂದು ಭಾವಿಸಿದ ಬರಹಗಾರರು ತೇರಿನ ಮಾರನೆಯ ದಿನಗಳ ತೀರ್ಥವಾರಿಯನ್ನು ಗಮನಿಸಿಯೇ ಇಲ್ಲ. ಅಂಕುರಾರ್ಪಣದಲ್ಲಿ ಧಾನ್ಯವಿದೆಯೆಂಬ ಕಾರಣಕ್ಕೆ ಇಡೀ ಕ್ರಿಯೆಯನ್ನು ಫಲವಂತಿಕೆಯ ಪೂಜೆಯೆನ್ನುವ ಉತ್ಸಾಹವೂ ಕೆಲವರಲ್ಲಿದೆ. ಯಾವ ಮಾಸದ ಉತ್ಸವದಲ್ಲೂ ಅದು ಇರುವುದರಿಂದ ವಸಂತಕ್ಕೆ ಅದನ್ನು ಮೀಸಲಾಗಿಸಲು ಆಧಾರವಿಲ್ಲ.

ಗ್ರಾಮಸ್ಥರು ಗುಂಪುಗುಂಪಾಗಿ ಬರುವ ಉತ್ಸವವೆಲ್ಲ ಬೇಸಾಯಮೂಲದ್ದೆಂಬ ಊಹೆಗೆ ಶ್ರೀರಂಗದ ಚೈತ್ರೋತ್ಸವವೇ ತಕ್ಕ ಉತ್ತರ. ದಿಲ್ಲಿಯ ಸುಲ್ತಾನರ ಸೈನ್ಯದ ಹಾವಳಿಯಲ್ಲಿ ಅಲ್ಲಿಯ ಉತ್ಸವಮೂರ್ತಿ ಊರುಬಿಟ್ಟಿತ್ತು. ಆ ಮೂರ್ತಿ 1371ರಲ್ಲಿ ಮರಳಿ ಪ್ರತಿಷ್ಠೆಗೊಂಡ ಮೇಲೆ, 1383ರಲ್ಲಿ ವಿಜಯನಗರದ ವಿರೂಪಣ್ಣ ಒಡೆಯನು ಚೈತ್ರದ ಉತ್ಸವವನ್ನು ನೆಲೆಗೊಳಿಸಿದನೆಂದು ದೇವಾಲಯದ ವೃತ್ತಾಂತವಾದ ಕೋಯಿಲೊಳುಗು ಹೇಳುತ್ತದೆ. ಸುತ್ತಲ ಹಳ್ಳಿಗಳ ಜನ ಅಲ್ಲಿಯೂ ಕಿಕ್ಕಿರಿಯುತ್ತಾರೆ, ಆದರೆ ಉತ್ಸವದ ಹುಟ್ಟು ದೇವರು ಊರಿಗೆ ಮರಳಿದ ಸಂತೋಷದಲ್ಲಿದೆ.

ಹಾಗಾದರೆ ಶ್ರೀವೈಷ್ಣವ ಭಕ್ತನಿಗೆ ಈ ವಸಂತೋತ್ಸವದ ಅರ್ಥವೇನು? ಉತ್ತರವಿರುವುದು ಅರ್ಚಾವತಾರದ ಸಿದ್ಧಾಂತದಲ್ಲಿ. ಪರ, ವ್ಯೂಹ, ವಿಭವ, ಅಂತರ್ಯಾಮಿ, ಅರ್ಚೆ ಎಂಬ ಭಗವಂತನ ಐದು ನೆಲೆಗಳಲ್ಲಿ ಕೊನೆಯದಾದ ಅರ್ಚೆ, ಅಂದರೆ ಪೂಜಾವಿಗ್ರಹ, ಸೌಲಭ್ಯದ ನೆಲೆ. ಎಲ್ಲರ ಕೈಗೂ ಕಣ್ಣಿಗೂ ಎಟುಕುವುದೇ ಅದರ ಗುಣ. ಗರ್ಭಗುಡಿಯ ಮೂಲಬೇರವು ಚಲಿಸುವುದಿಲ್ಲ. ಉತ್ಸವಬೇರವು ಬೀದಿಗೆ ಬರುವುದರಿಂದ ಗುಡಿಯೊಳಗೆ ಪ್ರವೇಶವಿಲ್ಲದಿದ್ದ ಕಾಲದ ಜನಕ್ಕೂ ದರ್ಶನ ದೊರೆಯುತ್ತಿತ್ತು. ಪರಿಷೆಗೆ ಬಂದ ಒಕ್ಕಲಿಗನು ಈ ದೃಷ್ಟಿಯಲ್ಲಿ ಉತ್ಸವದ ಕಾರಣನಲ್ಲ, ಉತ್ಸವವು ಯಾರಿಗಾಗಿ ನಡೆಯುತ್ತದೆಯೋ ಆ ಅಧಿಕಾರಿ. ಫಾಲ್ಗುನದ ಉತ್ತರಾ ನಕ್ಷತ್ರದಂದು ಶ್ರೀರಂಗದಲ್ಲಿ ದೇವ–ದೇವಿಯರು ಒಂದೇ ಆಸನದಲ್ಲಿದ್ದಾಗ ರಾಮಾನುಜರು ಗದ್ಯತ್ರಯವನ್ನು ನಿವೇದಿಸಿದರೆಂಬ ಸಂಪ್ರದಾಯದ ನಂಬಿಕೆಯೂ ವಸಂತವನ್ನು ಶರಣಾಗತಿಯ ಕಾಲವಾಗಿಯೇ ಕಾಣುತ್ತದೆ.

ಉತ್ಸವದ ಅಂತ್ಯದಲ್ಲಿ ಅರಿಸಿನ–ಸುಣ್ಣದ ಕೆನ್ನೀರನ್ನು ಎರಚುವ ಓಕುಳಿಯನ್ನು ಕಾಮನ ಹಬ್ಬದ ಉಳಿಕೆಯೆಂದು ತಳ್ಳಿಹಾಕುವ ಇನ್ನೊಂದು ಓದಿದೆ. ಶೈವ ಕಥೆಯಲ್ಲಿ ಕಾಮನು ಸುಟ್ಟುಹೋಗುತ್ತಾನೆ. ಆಂಡಾಳಳ ನಾಚ್ಚಿಯಾರ್ ತಿರುಮೊಳಿಯಾದರೋ ಕಾಮದೇವನ ಆರಾಧನೆಯಿಂದಲೇ ಆರಂಭವಾಗುತ್ತದೆ, ಅಲ್ಲಿ ಅವನು ನಾಯಕಿಯನ್ನು ಭಗವಂತನೊಡನೆ ಕೂಡಿಸಬೇಕಾದ ಸಹಾಯಕ. ತಿರುಪ್ಪಾವೈಯನ್ನು ಧನುರ್ಮಾಸದುದ್ದಕ್ಕೂ ಕೇಳುವ ವಿದ್ವಾಂಸರು ಅದೇ ಕವಯಿತ್ರಿಯ ಈ ಕೃತಿಯನ್ನು ವಸಂತದ ಚರ್ಚೆಗೆ ತಾರದಿರುವುದು ಆಶ್ಚರ್ಯ. ಪಾಂಚರಾತ್ರದಲ್ಲಿ ಪ್ರದ್ಯುಮ್ನನು ನಾಲ್ಕು ವ್ಯೂಹಗಳಲ್ಲೊಬ್ಬನೆಂಬುದನ್ನೂ, ಪುರಾಣಗಳಲ್ಲಿ ಕಾಮನೇ ಕೃಷ್ಣನ ಮಗನಾಗಿ ಮರುಹುಟ್ಟು ಪಡೆದನೆಂಬುದನ್ನೂ ಇದರೊಡನೆ ಇಟ್ಟು ನೋಡಬೇಕು.

ನೆರೆಯ ಕ್ಷೇತ್ರಗಳು ಇದೇ ಚಿತ್ರವನ್ನು ತುಂಬುತ್ತವೆ. ಚನ್ನಪಟ್ಟಣದ ದೊಡ್ಡಮಳೂರಿನಲ್ಲಿ ಮಕ್ಕಳ ಭಾಗ್ಯಕ್ಕಾಗಿ ಹರಕೆ ಹೊತ್ತು ತೊಟ್ಟಿಲು ಒಪ್ಪಿಸುವವರ ಸಾಲು ಅಂಬೆಗಾಲು ಕೃಷ್ಣನ ಮುಂದೆ ವರ್ಷವಿಡೀ ಇರುತ್ತದೆ, ವಸಂತದ ತೇರು ಮಾತ್ರ ಅಪ್ರಮೇಯಸ್ವಾಮಿಯದು. ಹರಕೆಯ ಜನಪ್ರಿಯತೆ ಬೇರೆ, ಆಗಮದ ಪ್ರಾಧಾನ್ಯ ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಡ. ಅದೇ ತಾಲ್ಲೂಕಿನ ಅಬ್ಬೂರು ವ್ಯಾಸರಾಯರ ಗುರುಗಳಾದ ಬ್ರಹ್ಮಣ್ಯತೀರ್ಥರ ವೃಂದಾವನವಿರುವ ಮಾಧ್ವಕ್ಷೇತ್ರ, ಆದುದರಿಂದ ಈ ಸೀಮೆಯ ವೈಷ್ಣವವನ್ನು ಶ್ರೀವೈಷ್ಣವವೊಂದಕ್ಕೇ ಇಳಿಸುವಂತಿಲ್ಲ. ರಾಮನಗರದ ರಾಮದೇವರ ಬೆಟ್ಟದ ಪಟ್ಟಾಭಿರಾಮನಿಗಂತೂ ಚೈತ್ರವೆಂದರೆ ಜನ್ಮಮಾಸ. ಯುಗಾದಿಯಿಂದ ನವಮಿಯವರೆಗೆ ಗರ್ಭೋತ್ಸವ, ನವಮಿಯಿಂದ ಮುಂದಕ್ಕೆ ಜನ್ಮೋತ್ಸವ ಎಂದು ರಾಮೋತ್ಸವವನ್ನು ಎರಡು ಬಗೆಯಲ್ಲಿ ಆಚರಿಸುವ ಪದ್ಧತಿಯಿದ್ದು, ಅಲ್ಲಿಯೂ ದಿನವನ್ನು ಗೊತ್ತುಮಾಡುವುದು ತಿಥಿಯೇ. ಪಾನಕ–ಕೋಸಂಬರಿಗಳನ್ನು ಬಿಸಿಲಿನ ಉಪಶಮನವೆಂದಷ್ಟೇ ವಿವರಿಸುವವರು ನೈವೇದ್ಯವಾಗದೆ ಅವನ್ನು ಹಂಚುವುದಿಲ್ಲವೆಂಬುದನ್ನು ಮರೆಯುತ್ತಾರೆ.

2029ರಲ್ಲಿ ಚೈತ್ರವೇ ಅಧಿಕಮಾಸವಾಗಿ ಬರಲಿದೆ. ಅಧಿಕಮಾಸದಲ್ಲಿ ವಾರ್ಷಿಕ ಉತ್ಸವ ಸಲ್ಲದೆಂಬುದು ಧರ್ಮಶಾಸ್ತ್ರದ ನಿಯಮವಾದುದರಿಂದ ತಿರುಮಲೆಯ ತೇರು ನಿಜಚೈತ್ರಕ್ಕೆ ಹೋಗಬೇಕು. ಪರಿಷೆಯೂ ಅದರೊಡನೆ ಹೋಗುವುದೋ ಇಲ್ಲವೋ ಎಂಬುದು ಈ ವಾದಕ್ಕೆ ಬಹಿರಂಗ ಪರೀಕ್ಷೆ. ಅಷ್ಟರೊಳಗೆ ಮಾಗಡಿ, ಮಳೂರು, ಕನಕಪುರಗಳ ಮನೆಗಳಲ್ಲಿ ಉಳಿದಿರಬಹುದಾದ ಹಳೆಯ ಉತ್ಸವದ ಆಹ್ವಾನಪತ್ರಿಕೆಗಳನ್ನು ಸ್ಥಳೀಯ ಇತಿಹಾಸದ ಆಸಕ್ತರು ಸಂಗ್ರಹಿಸಿದರೆ, ಧ್ವಜಾರೋಹಣ, ರಥ, ತೀರ್ಥಗಳ ದಿನಾಂಕಗಳನ್ನು ಒಂದೆಡೆ ಇಟ್ಟು ನೋಡಲು ಸಾಧ್ಯವಾಗುತ್ತದೆ.