ಮನಶ್ಶಾಸ್ತ್ರದ ಮೊದಲ ಪಾಠ



ಮಾಣಿಯಿಂದ ಹೊರಟು ಪುತ್ತೂರು, ಸುಳ್ಯಗಳನ್ನು ಹಾದು, ಮಡಿಕೇರಿಯ ಘಟ್ಟವನ್ನೇರಿ ಮೈಸೂರಿಗೆ ಬಂದು ಸೇರುವ ಹೆದ್ದಾರಿಯನ್ನು ತಮ್ಮಲ್ಲಿ ಅನೇಕರು ಬಲ್ಲರು. ೧೯೪೭ಕ್ಕೆ ಮುಂಚೆ ಈ ಒಂದೇ ದಾರಿಯು ಮೂರು ಆಡಳಿತಗಳ ಎಲ್ಲೆಗಳನ್ನು ದಾಟುತ್ತಿದ್ದಿತು. ಪುತ್ತೂರು, ಸುಳ್ಯ ಮತ್ತು ಈಚೆಗೆ ತಾನೇ ಒಂದು ತಾಲ್ಲೂಕೆನಿಸಿದ ಕಡಬ, ಈ ಸೀಮೆಯೆಲ್ಲವೂ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ನಡುವಣ ಕೊಡಗು ಚೀಫ್ ಕಮಿಷನರರ ಅಧೀನದಲ್ಲಿದ್ದಿತು. ಅಲ್ಲಿಂದೀಚೆಗೆ ಮೈಸೂರು ಮಹಾರಾಜರ ಸಂಸ್ಥಾನ. ದಾರಿಯ ಈ ಕೊನೆಯಲ್ಲಿ ಮನಶ್ಶಾಸ್ತ್ರವು ೧೯೨೪ರಷ್ಟು ಹಿಂದೆಯೇ ಕಾಲೇಜಿನ ಒಂದು ಸ್ವತಂತ್ರ ವಿಷಯವಾಗಿ ನೆಲೆಗೊಂಡಿತು. ಆ ಕೊನೆಯಲ್ಲಿ ಅದು ಬಹುಕಾಲ ತತ್ತ್ವಶಾಸ್ತ್ರದ ನೆರಳಿನಲ್ಲಿಯೇ ಉಳಿಯಿತು. ಈ ಶಾಸ್ತ್ರದ ಪ್ರಥಮ ಪರಿಚಯವು ನಮ್ಮ ವಿದ್ಯಾರ್ಥಿಗೆ ಏನನ್ನು ಕಲಿಸಿತು, ಏನನ್ನು ಕಲಿಸಬೇಕು, ಅದರ ಫಲವು ಪುತ್ತೂರು, ಸುಳ್ಯಗಳ ಒಂದು ಮಗುವಿನ ಭವಿಷ್ಯಕ್ಕೆ ಹೇಗೆ ಸಂಬಂಧಿಸಿದೆ ಎಂಬುದೇ ಈ ಭಾಷಣದ ವಿಷಯ.

ಮನಸ್ಸನ್ನು ಕುರಿತ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ಆದರೆ ಮನಸ್ಸಿನ ವ್ಯಾಪಾರಗಳನ್ನು ಉಪಕರಣಗಳಿಂದ ಅಳೆದು, ಅಂಕಿಗಳಲ್ಲಿ ಬರೆದು, ಮತ್ತೊಬ್ಬನು ಅದೇ ಪ್ರಯೋಗವನ್ನು ಮಾಡಿ ಪರೀಕ್ಷಿಸಬಹುದಾದಂತೆ ನಿರೂಪಿಸುವ ಪದ್ಧತಿ ಹೊಸದು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ ಎಂಬ ವಿದ್ವಾಂಸನು ೧೮೭೯ರಲ್ಲಿ ಪ್ರಯೋಗಶಾಲೆಯನ್ನು ತೆರೆದುದು ಇದರ ಆರಂಭವೆಂದು ಎಣಿಸುವುದು ವಾಡಿಕೆ. ಭಾರತದಲ್ಲಿ ಈ ವಿದ್ಯೆಗೆ ಮೊದಲು ಎಡೆ ಕೊಟ್ಟದ್ದು ಕಲ್ಕತ್ತಾ ವಿಶ್ವವಿದ್ಯಾನಿಲಯ. ೧೯೦೫ರಲ್ಲಿ ಅಲ್ಲಿಗಾಗಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಾಠಕ್ರಮವನ್ನು ರಚಿಸಿದವರು ಆಚಾರ್ಯ ಬ್ರಜೇಂದ್ರನಾಥ ಸೀಲರು. ೧೯೧೬ರಲ್ಲಿ, ಹಾರ್ವರ್ಡಿನಲ್ಲಿ ಕಲಿತು ಬಂದ ಎನ್. ಎನ್. ಸೇನ್‌ಗುಪ್ತರ ಕೈಯಲ್ಲಿ ಅಲ್ಲಿಯ ಪ್ರಯೋಗಶಾಲೆ ಆರಂಭವಾಯಿತು. ಅದೇ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾಯಿತು. ೧೯೨೦ರ ದಶಕದಲ್ಲಿ ಆ ಸೀಲರೇ ಮೈಸೂರಿಗೆ ಬಂದು ವೈಸ್ ಛಾನ್ಸಲರ್ ಪದವಿಯಲ್ಲಿದ್ದುದು ಈ ಶಾಸ್ತ್ರದ ಭಾಗ್ಯವೆನ್ನಬೇಕು.

ಮಹಾರಾಜಾ ಕಾಲೇಜಿನಲ್ಲಿ ಈ ವಿಭಾಗವನ್ನು ಕಟ್ಟಿದವರು ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ನರ ಬಳಿ ಅಭ್ಯಾಸ ಮಾಡಿದವರು. ಬುದ್ಧಿಯ ನಾನಾ ಕಾರ್ಯಗಳ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆಯೆಂದು ೧೯೦೪ರಲ್ಲಿ ವಾದಿಸಿ ಹೆಸರಾದವರು ಈ ಸ್ಪಿಯರ್ಮನ್. ಗುರುವಿನ ಈ ಸಿದ್ಧಾಂತಕ್ಕೂ ಕೈಗೆಲಸದ ಕಲಿಕೆಗೂ ಏನು ಸಂಬಂಧವೆಂಬುದನ್ನು ಗೋಪಾಲಸ್ವಾಮಿಯವರು ಕನ್ನಡಿಯ ಪ್ರಯೋಗದಿಂದ ವಿಚಾರಿಸಿದರು. ಪ್ರಯೋಗವು ಬಹಳ ಸರಳ. ಕಾಗದದ ಮೇಲೆ ಒಂದು ನಕ್ಷತ್ರದ ಆಕೃತಿ. ಅದನ್ನು ನೇರವಾಗಿ ನೋಡಲಾಗದಂತೆ ಒಂದು ಮರೆ. ಎದುರಿಗೆ ಒಂದು ಕನ್ನಡಿ. ಕನ್ನಡಿಯಲ್ಲಿ ಕಾಣುವ ಬಿಂಬವನ್ನೇ ನೋಡುತ್ತ ನಕ್ಷತ್ರದ ಅಂಚಿನ ಮೇಲೆ ಪೆನ್ಸಿಲನ್ನು ನಡೆಸಬೇಕು. ಮೊದಲ ಸಲ ಕೈ ಮುಂದಕ್ಕೆ ಹೋಗಬೇಕಾದಲ್ಲಿ ಹಿಂದಕ್ಕೆ ಹೋಗುತ್ತದೆ. ಹತ್ತು ಹನ್ನೆರಡು ಸಲ ಮಾಡುವಷ್ಟರಲ್ಲಿ ತಪ್ಪುಗಳು ತಗ್ಗುತ್ತವೆ, ಕಾಲವೂ ತಗ್ಗುತ್ತದೆ. ಹೇಗೆ ಕಲಿತೆಯೆಂದು ಕೇಳಿದರೆ ಮಾತ್ರ ವಿದ್ಯಾರ್ಥಿಗೆ ಉತ್ತರ ಹೊಳೆಯುವುದಿಲ್ಲ.

ಮನಶ್ಶಾಸ್ತ್ರದ ಮೊದಲ ವರ್ಷದ ತರಗತಿಯು ಕೊಡಬಹುದಾದ ಅತ್ಯುತ್ತಮವಾದ ಪಾಠ ಇದರಲ್ಲಿಯೇ ಅಡಗಿದೆ. ನನ್ನ ಮನಸ್ಸನ್ನು ನಾನು ಪೂರ್ತಿಯಾಗಿ ಬಲ್ಲೆನೆಂಬ ಅಭಿಮಾನವು ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಮನಸ್ಸು ತನ್ನ ವಿಷಯದಲ್ಲಿ ತಾನೇ ನಂಬತಕ್ಕ ಸಾಕ್ಷಿಯಲ್ಲವೆಂದು ತಿಳಿದವನು ಇತರರ ಮನಸ್ಸನ್ನು ಕುರಿತು ತೀರ್ಪು ಕೊಡುವಾಗ ಸ್ವಲ್ಪವಾದರೂ ತಡೆಯುತ್ತಾನೆ.

ಈ ಪ್ರೊಫೆಸರರ ಹೆಸರು ರೇಡಿಯೋ ಶ್ರೋತೃಗಳಿಗೆ ಮತ್ತೊಂದು ಕಾರಣದಿಂದಲೂ ಪ್ರಿಯವಾದದ್ದು. ೧೯೩೫ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ ಕೇವಲ ೩೦ ವಾಟ್ ಶಕ್ತಿಯ ಒಂದು ಯಂತ್ರದಿಂದ ಪ್ರಸಾರವನ್ನು ಆರಂಭಿಸಿದವರು ಇವರೇ. ಆಕಾಶವಾಣಿಯೆಂಬ ಹೆಸರು ಆ ನಿಲಯದ್ದಾಗಿ, ಕಾಲಾಂತರದಲ್ಲಿ ಸಮಸ್ತ ಭಾರತದ ಪ್ರಸಾರಕ್ಕೂ ಸಂದಿತು. ನಿಲಯವನ್ನು ೧೯೪೨ರಲ್ಲಿ ಸಂಸ್ಥಾನದ ಸರ್ಕಾರವು ವಹಿಸಿಕೊಂಡಿತು. ಕಾಲೇಜಿನ ಗೋಡೆಗಳಾಚೆಗಿನ ಜನಕ್ಕೆ ಅವರ ಭಾಷೆಯಲ್ಲಿಯೇ ವಿಚಾರವನ್ನು ಮುಟ್ಟಿಸಬೇಕೆಂಬ ಆಸೆ ಮನಶ್ಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಹುಟ್ಟಿದುದು ಉಚಿತವಾಗಿಯೇ ಇದೆ.

ಇನ್ನು ದಾರಿಯ ಆ ಕೊನೆಯನ್ನು ನೋಡೋಣ. ಪುತ್ತೂರು, ಸುಳ್ಯಗಳ ಯುವಕನು ಆ ಕಾಲದಲ್ಲಿ ಕಾಲೇಜನ್ನು ಸೇರಬೇಕಾದರೆ ಮಂಗಳೂರಿಗೆ ಹೋಗಬೇಕಾಗಿದ್ದಿತು. ಅಲ್ಲಿಯ ಸಂತ ಅಲೋಶಿಯಸ್ ಕಾಲೇಜು ೧೮೮೦ರಲ್ಲಿ ಆರಂಭವಾದದ್ದು; ಪದವಿಯನ್ನು ಕೊಡುವುದು ದೂರದ ಮದರಾಸು ವಿಶ್ವವಿದ್ಯಾನಿಲಯ. ಮದರಾಸಿನಲ್ಲಿ ಡಾಕ್ಟರ್ ಜಿ. ಡಿ. ಬೋವಜ್ ಅವರ ನೇತೃತ್ವದಲ್ಲಿ ಮನಶ್ಶಾಸ್ತ್ರದ ಪ್ರತ್ಯೇಕ ವಿಭಾಗವು ಹುಟ್ಟಿದುದು ೧೯೪೩ರಲ್ಲಿ. ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ೧೯೫೮ರಲ್ಲಿ, ವಿವೇಕಾನಂದ ಕಾಲೇಜು ೧೯೬೫ರಲ್ಲಿ, ಸುಳ್ಯದಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ೧೯೭೬ರಲ್ಲಿ ಸ್ಥಾಪಿತವಾದುವು. ಅಷ್ಟರಲ್ಲಿ ೧೯೫೬ರ ಏಕೀಕರಣದಿಂದ ದಾರಿಯ ಎಲ್ಲೆಗಳು ಅಳಿಸಿದ್ದುವು. ೧೯೮೦ರಲ್ಲಿ ಮಂಗಳೂರಿಗೇ ಒಂದು ವಿಶ್ವವಿದ್ಯಾನಿಲಯ ಬಂದಿತು. ಮನಶ್ಶಾಸ್ತ್ರವನ್ನು ಪದವಿಯ ವಿಷಯವಾಗಿ ಎಲ್ಲರೂ ಆರಿಸಿಕೊಳ್ಳುವುದಿಲ್ಲ. ಆದರೆ ಉಪಾಧ್ಯಾಯನಾಗಬೇಕೆಂದು ಶಿಕ್ಷಣ ಪದವಿಗೆ ಸೇರಿದ ಪ್ರತಿಯೊಬ್ಬನೂ ಅದರ ಮೊದಲ ಪಾಠಗಳನ್ನು ಓದಿಯೇ ತೀರಬೇಕು. ಹಳ್ಳಿಯ ಶಾಲೆಯ ಮಕ್ಕಳನ್ನು ಈ ಶಾಸ್ತ್ರವು ಮುಟ್ಟುವುದು ಮುಖ್ಯವಾಗಿ ಈ ಮಾರ್ಗದಿಂದ.

ಆ ಮಕ್ಕಳು ಆಡುವ ಮಾತಾದರೂ ಯಾವುದು? ಈ ಸೀಮೆಯಲ್ಲಿ ತುಳು ಬಹುಜನರ ಬಳಕೆಯ ಭಾಷೆ. ಸುಳ್ಯದ ಗೌಡರ ಮನೆಗಳಲ್ಲಿ ಅರೆಭಾಷೆ, ಹವ್ಯಕರಲ್ಲಿ ಹವಿಗನ್ನಡ, ಬ್ಯಾರಿ ಮುಸಲ್ಮಾನರಲ್ಲಿ ಬ್ಯಾರಿ, ಸಾರಸ್ವತರಲ್ಲಿಯೂ ಕ್ರೈಸ್ತರಲ್ಲಿಯೂ ಕೊಂಕಣಿ, ಕಾಸರಗೋಡಿನ ಗಡಿಯ ಕಡೆ ಮಲಯಾಳ. ೧೯೬೪ರ ಒಪ್ಪಂದದ ತರುವಾಯ ಸಿಂಹಳದಿಂದ ಬಂದು ರಬ್ಬರು ತೋಟಗಳಲ್ಲಿ ನೆಲಸಿದ ಕುಟುಂಬಗಳಲ್ಲಿ ತಮಿಳು. ಇವರೆಲ್ಲರ ಮಕ್ಕಳಿಗೂ ಶಾಲೆಯಲ್ಲಿ ಪುಸ್ತಕದ ಕನ್ನಡ. ಈಗೀಗ ಎಷ್ಟೋ ಕಡೆ ಮೊದಲಿನಿಂದಲೇ ಇಂಗ್ಲಿಷು. ಬೆಕ್ಕಿನ ಚಿತ್ರವನ್ನು ತೋರಿಸಿ ಇದೇನೆಂದು ಕೇಳಿದರೆ ತುಳು ಮನೆಯ ಮಗು 'ಪುಚ್ಚೆ' ಎನ್ನುತ್ತದೆ. ಕೊಂಕಣಿ ಮನೆಯ ಮಗು 'ಮಾಜರ್' ಎನ್ನುತ್ತದೆ. ಉತ್ತರಪತ್ರಿಕೆಯಲ್ಲಿ 'ಬೆಕ್ಕು' ಎಂಬ ಒಂದು ಶಬ್ದ ಮಾತ್ರ ಸರಿಯೆಂದು ಬರೆದಿದ್ದರೆ ಈ ಮಕ್ಕಳ ಗತಿಯೇನು?

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಸಿಮೋನ್ ಎಂಬವರು ೧೯೦೫ರಲ್ಲಿ ಬುದ್ಧಿಮಾಪನದ ಪ್ರಶ್ನಾವಳಿಯನ್ನು ರಚಿಸಿದರು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗಬೇಕೆಂಬುದು ಅದರ ಉದ್ದೇಶ. ಆದರೆ ಒಂದು ದೇಶದ ಅಳತೆಗೋಲನ್ನು ಭಾಷಾಂತರಿಸಿದ ಮಾತ್ರದಿಂದ ಅದು ಮತ್ತೊಂದು ದೇಶದ ಅಳತೆಗೋಲಾಗುವುದಿಲ್ಲ. ಯಾವ ವಯಸ್ಸಿನ ಮಗು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲುದೆಂಬುದನ್ನು ಆ ನೆಲದ ಮಕ್ಕಳಲ್ಲಿಯೇ ಪುನಃ ನಿರ್ಣಯಿಸಬೇಕು. ಕನ್ನಡದಲ್ಲಿ ಈ ಶ್ರಮವನ್ನು ವಹಿಸಿದವರು ವಿ. ವಿ. ಕಾಮತರು. ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಪ್ಪುವಂತೆ ಬಿನೆಯ ಪ್ರಶ್ನಾವಳಿಯನ್ನು ತಿದ್ದಿ, ಅದರ ವಿವರಗಳನ್ನು ೧೯೩೪ರಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿಯೂ ೧೯೪೦ರಲ್ಲಿ ಗ್ರಂಥರೂಪವಾಗಿಯೂ ಅವರು ಪ್ರಕಟಿಸಿದರು. ಈ ಕೆಲಸದ ಹಿರಿಮೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ಧಾರವಾಡದ ಕಡೆಯ ಕನ್ನಡವು ಸುಳ್ಯದ ಅರೆಭಾಷೆಯ ಮಗುವಿಗೆ ಅರ್ಧ ನೆಂಟನಷ್ಟೇ ಎಂಬುದನ್ನು ನಾವು ಮರೆಯುವಂತಿಲ್ಲ.

ಇದೇ ಕಾಲದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಮತ್ತೊಂದು ಅಭಿಪ್ರಾಯವು ಬೇರೂರಿತು. ಇಂಗ್ಲೆಂಡಿನ ನೆರೆಯ ವೇಲ್ಸ್ ಸೀಮೆಯಲ್ಲಿ ಡಿ. ಜೆ. ಸೇಯರ್ ಎಂಬವರು ಸುಮಾರು ೧೪೦೦ ಮಕ್ಕಳನ್ನು ಪರೀಕ್ಷಿಸಿ, ಹಳ್ಳಿಗಳಲ್ಲಿ ಎರಡು ಭಾಷೆಗಳನ್ನಾಡುವ ಮಕ್ಕಳು ಒಂದೇ ಭಾಷೆಯನ್ನಾಡುವವರಿಗಿಂತ ಬುದ್ಧಿಯಲ್ಲಿ ಕಡಿಮೆಯೆಂದು ೧೯೨೩ರಲ್ಲಿ ಬರೆದರು. ಪಟ್ಟಣಗಳಲ್ಲಿ ಅಂತಹ ಭೇದ ಕಾಣಲಿಲ್ಲವೆಂಬ ಸಂಗತಿಯೂ ಆ ಬರಹದಲ್ಲಿಯೇ ಇದ್ದಿತು. ಭೇದಕ್ಕೆ ಭಾಷೆಯೇ ಕಾರಣವಾಗಿದ್ದರೆ ಅದು ಪಟ್ಟಣದಲ್ಲಿಯೂ ಕಾಣಬೇಕಾಗಿದ್ದಿತಷ್ಟೆ! ಬಡತನ, ಶಾಲೆಯ ಸೌಕರ್ಯ, ತಂದೆಯ ಉದ್ಯೋಗ ಇವು ಲೆಕ್ಕಕ್ಕೆ ಬರಲಿಲ್ಲ. ಹಾಗಿದ್ದರೂ ಎರಡು ಭಾಷೆಗಳು ಮಗುವಿನ ತಲೆಯನ್ನು ಕೆಡಿಸುತ್ತವೆಂಬ ಮಾತು ದಶಕಗಳ ಕಾಲ ನಿಂತಿತು.

ಅದು ತಲೆಕೆಳಗಾದದ್ದು ೧೯೬೨ರಲ್ಲಿ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬಿಬ್ಬರು ಹತ್ತು ವರ್ಷದ ಮಕ್ಕಳನ್ನು, ಮನೆತನದ ಸ್ಥಿತಿಗತಿ ಸಮನಾಗಿರುವಂತೆ ನೋಡಿಕೊಂಡು ಹೋಲಿಸಿದರು. ಎರಡು ಭಾಷೆಗಳನ್ನು ಸಮವಾಗಿ ಬಲ್ಲವರೇ ಹೆಚ್ಚಿನ ಅಂಕಗಳನ್ನು ಪಡೆದರು. ನಮ್ಮ ದೇಶದಲ್ಲಿ ಅಜಿತ್ ಮೊಹಾಂತಿಯವರು ಒಡಿಶಾದ ಕೊಂಧ ಜನಾಂಗದ ಮಕ್ಕಳಲ್ಲಿ ಇದನ್ನು ವಿಚಾರಿಸಿದರು. ಒಂದೇ ಜನಾಂಗ, ಕೆಲವು ಕಡೆ ಕುಯಿ ಮತ್ತು ಒಡಿಯಾ ಎರಡೂ ಉಳಿದಿವೆ, ಕೆಲವು ಕಡೆ ಒಡಿಯಾ ಮಾತ್ರ. ಅಲ್ಲಿಯೂ ಎರಡು ಭಾಷೆಗಳ ಮಕ್ಕಳೇ ಮೇಲಾಗಿ ನಿಂತರು. ಈಚಿನ ಕೆಲವು ಸಂಶೋಧಕರು ಈ ಮೇಲ್ಮೆ ಎಲ್ಲೆಡೆಯೂ ಒಂದೇ ತೆರನಾಗಿ ಕಾಣುವುದಿಲ್ಲವೆಂದು ಎಚ್ಚರಿಸಿದ್ದಾರೆ. ಆ ಎಚ್ಚರಿಕೆಯೂ ಶಾಸ್ತ್ರಕ್ಕೆ ಭೂಷಣವೇ. ಆದರೆ ಮನೆಮಾತು ಬೇರೆಯಾದುದರಿಂದಲೇ ಮಗು ಮಂದವೆಂಬ ಹಳೆಯ ತೀರ್ಪು ಮಾತ್ರ ಬಿದ್ದುಹೋಗಿದೆ.

ಪಠ್ಯಪುಸ್ತಕದ ಒಂದು ವಾಕ್ಯವು ಹೀಗೆ ನಲವತ್ತು ವರ್ಷಗಳಲ್ಲಿ ಉಲ್ಟಾ ಆಗಬಹುದಾದರೆ, ವಿದ್ಯಾರ್ಥಿಯು ಅದನ್ನು ಯಾವ ಮನೋಭಾವದಿಂದ ಓದಬೇಕು? ಈ ಪ್ರಶ್ನೆಗೆ ಸಹಾಯಕವಾದ ಎರಡು ಅಂಕಿಗಳನ್ನು ತಮ್ಮ ಮುಂದಿಡುತ್ತೇನೆ. ಮನಶ್ಶಾಸ್ತ್ರದ ಪ್ರಮುಖ ಪತ್ರಿಕೆಗಳನ್ನು ಪರಿಶೀಲಿಸಿ ೨೦೦೮ರಲ್ಲಿ ಪ್ರಕಟವಾದ ಒಂದು ಗಣನೆಯಂತೆ, ಪ್ರಯೋಗಗಳಿಗೆ ಒಳಗಾದವರಲ್ಲಿ ಶೇಕಡ ೯೬ ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಪ್ರಪಂಚದ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲು ಶೇಕಡ ೧೨ ಮಾತ್ರ. ಆ ಪೈಕಿ ಒಂದು ಪ್ರಸಿದ್ಧ ಪತ್ರಿಕೆಯ ೨೦೦೭ರ ಸಂಚಿಕೆಗಳಲ್ಲಿ ಅಮೆರಿಕೆಯ ಅಧ್ಯಯನಗಳ ಶೇಕಡ ೬೭ರಷ್ಟು ಬರಿಯ ಮನಶ್ಶಾಸ್ತ್ರದ ತರಗತಿಗೆ ಸೇರಿದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದುವು. ಅಂದರೆ ಮನುಷ್ಯನ ಮನಸ್ಸು ಹೀಗಿದೆಯೆಂದು ಪುತ್ತೂರಿನ ವಿದ್ಯಾರ್ಥಿಯು ಓದುವಾಗ, ಅವನು ಬಹುಮಟ್ಟಿಗೆ ದೂರದೇಶದ ಸಹಪಾಠಿಗಳ ಮನಸ್ಸನ್ನೇ ಓದುತ್ತಿರುತ್ತಾನೆ.

ಇದಕ್ಕೆ ಪ್ರತಿಯಾದ ಮಾದರಿಯೊಂದು ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಇದೆ. ಉಡುಪಿಯ ಕಡೆಯ ಕೋಟ ಗ್ರಾಮದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಬ್ರಾಹ್ಮಣ, ಬಂಟ, ಮೊಗವೀರ ಈ ಮೂರು ಸಮುದಾಯಗಳ ಮನೆಗಳನ್ನು ಹೊಕ್ಕು, ಕನ್ನಡದಲ್ಲಿ ಪ್ರಶ್ನೆ ಕೇಳಿ, ಜನರ ಮನೋವ್ಯಥೆಗಳನ್ನು ಅರಸಿದರು. ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಏನು ಹೇಳುತ್ತಾರೆಂಬುದನ್ನೂ ಅವರು ಕೇಳಿಸಿಕೊಂಡರು. ಅವರ ಗ್ರಂಥವು ೧೯೭೬ರಲ್ಲಿ ಹೊರಬಂದಿತು. ಮೊದಲ ವರ್ಷದ ತರಗತಿಯಿಂದ ರಜೆಗೆ ಊರಿಗೆ ಹೋದ ಯುವಕನು ಭೂತದ ಕೋಲದಲ್ಲಿ ಆವೇಶ ಬಂದವನನ್ನು ಕಂಡು, ಪುಸ್ತಕದಲ್ಲಿ ಓದಿದ ಒಂದು ರೋಗದ ಹೆಸರನ್ನು ಥಟ್ಟನೆ ಹೇಳಿಬಿಡುವುದುಂಟು. ಹೆಸರಿಟ್ಟೊಡನೆ ವಿಷಯವು ತಿಳಿದಂತೆ ತೋರುವುದೇ ಹೊಸ ವಿದ್ಯೆಯ ಅಪಾಯ. ಕೋಲ ಕಟ್ಟುವವನು ವರ್ಷಗಟ್ಟಲೆ ಪಾಡ್ದನಗಳನ್ನೂ ನಡೆಯನ್ನೂ ಕಲಿತಿರುತ್ತಾನೆ. ಆವೇಶವು ಗೊತ್ತಾದ ಹೊತ್ತಿನಲ್ಲಿ ಬರುತ್ತದೆ, ಗೊತ್ತಾದ ಹೊತ್ತಿನಲ್ಲಿ ಇಳಿಯುತ್ತದೆ. ಮರುದಿನ ಅವನು ತನ್ನ ಕೆಲಸಕ್ಕೆ ಹೋಗುತ್ತಾನೆ. ಇಷ್ಟನ್ನು ನೋಡುವ ತಾಳ್ಮೆಯಿಲ್ಲದವನಿಗೆ ಶಾಸ್ತ್ರಜ್ಞನೆನಿಸಿಕೊಳ್ಳುವ ಅರ್ಹತೆ ಬಾರದು.

ಪುತ್ತೂರಿನಲ್ಲಿಯೇ ೧೯೩೦ರ ದಶಕದಲ್ಲಿ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿ, ಮಕ್ಕಳ ಶಿಕ್ಷಣದಲ್ಲಿ ಪ್ರಯೋಗಗಳನ್ನು ನಡೆಸಿ, 'ಬಾಲ ಪ್ರಪಂಚ'ದ ಸಂಪುಟಗಳನ್ನು ಬರೆದುದನ್ನು ಇಲ್ಲಿ ನೆನೆಯಬೇಕು. ಅವರ ಕಾರ್ಯಕ್ಕೆ ಯಾವ ಕಾಲೇಜಿನ ಪ್ರಯೋಗಶಾಲೆಯ ಬೆಂಬಲವೂ ಇರಲಿಲ್ಲ. ಮಗುವಿನ ಕುತೂಹಲದಲ್ಲಿ ನಂಬಿಕೆ ಇದ್ದಿತು. ಮೈಸೂರಿನ ಪ್ರಯೋಗಶಾಲೆಯ ಎಚ್ಚರವೂ ಬಾಲವನದ ಈ ನಂಬಿಕೆಯೂ ಒಂದೆಡೆ ಕೂಡಿದರೆ ಅದಕ್ಕಿಂತ ಒಳ್ಳೆಯ ಪಾಠಕ್ರಮವನ್ನು ನಾವು ಬಯಸಬೇಕಾದುದಿಲ್ಲ.

ಆದಕಾರಣ ಈ ಸೀಮೆಯ ತರಗತಿಗಳಲ್ಲಿ ಮೊದಲ ದಿನ ಕನ್ನಡಿಯ ಪ್ರಯೋಗ ನಡೆಯಲಿ. ಎರಡನೆಯ ದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಯಾರೊಡನೆ ಯಾವ ಭಾಷೆಯಲ್ಲಿ ಮಾತನಾಡುವೆನೆಂಬುದನ್ನು ಪಟ್ಟಿ ಮಾಡಲಿ. ಅಜ್ಜಿಯೊಡನೆ ಒಂದು, ಅಂಗಡಿಯಲ್ಲಿ ಒಂದು, ತೋಟದ ಆಳುಗಳೊಡನೆ ಒಂದು, ಕಾಲೇಜಿನಲ್ಲಿ ಒಂದು ಎಂದು ಬರೆಯುತ್ತ ಹೋದಂತೆ, ಯಾವ ಪಠ್ಯಪುಸ್ತಕವೂ ಚೆನ್ನಾಗಿ ವಿವರಿಸದ ಒಂದು ಮಾನಸಿಕ ಸಾಮರ್ಥ್ಯವು ತನ್ನಲ್ಲಿಯೇ ಇದೆಯೆಂಬುದು ಅವನಿಗೆ ಗೋಚರವಾಗುವುದು. ಮುಂದೆ ಅವನು ಕಡಬದ ಒಂದು ಶಾಲೆಯಲ್ಲಿ ಉಪಾಧ್ಯಾಯನಾದಾಗ, ಬೆಕ್ಕಿನ ಚಿತ್ರವನ್ನು ನೋಡಿ 'ಪುಚ್ಚೆ' ಎಂದ ಮಗುವಿಗೆ ಪೂರ್ಣಾಂಕವನ್ನು ಕೊಟ್ಟು, ಶಾಲೆಯ ಶಬ್ದವನ್ನು ಅದರ ಪಕ್ಕದಲ್ಲಿ ಕಲಿಸುವನು. ಮನಶ್ಶಾಸ್ತ್ರದ ಮೊದಲ ವರ್ಷವು ಸಾರ್ಥಕವಾಯಿತೆಂದು ಹೇಳುವುದಕ್ಕೆ ಅಷ್ಟು ಸಾಕು.