ಸೌರ ಬಿರುಗಾಳಿ ಬೀಸಿದರೆ ಉಪಗ್ರಹಗಳ ಲೇಸರ್ ಸಂಪರ್ಕ ಕಡಿದುಹೋಗುತ್ತದೆಯೇ?

ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಸ್ವಿಚ್ ಆಫ್ ಮಾಡಿ ದೂರ ಇಡಿ ಎನ್ನುವ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ನಾಸಾ, ಬಿಬಿಸಿ ಎಂದು ದೊಡ್ಡ ಹೆಸರುಗಳನ್ನು ಅಂಟಿಸಿಕೊಂಡು ಹಲವು ವರ್ಷಗಳಿಂದ ಓಡಾಡುತ್ತಿರುವ ಸುಳ್ಳು ಅದು. ಕಾಸ್ಮಿಕ್ ಕಿರಣಗಳು ಯಾವುದೋ ಒಂದು ರಾತ್ರಿ ಮಾತ್ರ ಬರುವುದಿಲ್ಲ, ದಿನದ 24 ಗಂಟೆಯೂ ಬರುತ್ತಲೇ ಇರುತ್ತವೆ. ನೆಲದ ಮೇಲಿರುವ ನಮಗೆ ವಾತಾವರಣ ಮತ್ತು ಭೂಮಿಯ ಕಾಂತಕ್ಷೇತ್ರಗಳ ರಕ್ಷಣೆ ಇದೆ.

ಆದರೆ ಈ ಸಂದೇಶದ ಹಿಂದೆ ಒಂದು ನಿಜವಾದ ಪ್ರಶ್ನೆ ಅಡಗಿದೆ. ನಮಗೆ ರಕ್ಷಣೆ ಇದೆ, ಸರಿ. ಮೇಲೆ ಹಾರಾಡುತ್ತಿರುವ ಉಪಗ್ರಹಗಳಿಗೆ? ಈಗ ಅವು ರೇಡಿಯೋ ತರಂಗಗಳಲ್ಲಿ ಮಾತ್ರವಲ್ಲ, ಲೇಸರ್ ಬೆಳಕಿನಲ್ಲೂ ಪರಸ್ಪರ ಮಾತಾಡುತ್ತವೆ. ಆ ಬೆಳಕನ್ನು ಬಾಹ್ಯಾಕಾಶದ ವಿಕಿರಣ ಕೆಡಿಸುತ್ತದೆಯೇ?

ಚುಟುಕಾಗಿ ಉತ್ತರ

- ಎರಡು ಉಪಗ್ರಹಗಳ ನಡುವೆ ಸಾಗುವ ಬೆಳಕಿಗೆ ವಿಕಿರಣದಿಂದ ಲೆಕ್ಕಕ್ಕೆ ಬರುವಂಥದ್ದೇನೂ ಆಗುವುದಿಲ್ಲ.
- ಪೆಟ್ಟು ಬೀಳುವುದು ಆ ಬೆಳಕನ್ನು ಕಳುಹಿಸುವ ಮತ್ತು ಹಿಡಿಯುವ ಉಪಕರಣಗಳಿಗೆ: ಗಾಜು, ಫೈಬರ್, ಬೆಳಕಿನ ಸಂವೇದಕ, ಚಿಪ್.
- ಬಹುಪಾಲು ಹಾನಿ ಒಂದೇ ರಾತ್ರಿಯಲ್ಲಿ ಆಗುವುದಲ್ಲ, ವರ್ಷಗಟ್ಟಲೆ ನಿಧಾನವಾಗಿ ಆಗುವ ಸವೆತ. ಅದನ್ನು ಲೆಕ್ಕ ಹಾಕಿಯೇ ಉಪಗ್ರಹ ಕಟ್ಟುತ್ತಾರೆ.

ಉಪಗ್ರಹಗಳು ಬೆಳಕಿನಲ್ಲಿ ಮಾತಾಡುವುದೇಕೆ?

ನಿಮ್ಮ ಮನೆಗೆ ಬರುವ ಫೈಬರ್ ಇಂಟರ್ನೆಟ್ ಇದೆಯಲ್ಲ, ಅದರಲ್ಲಿ ಓಡುವುದೂ ಲೇಸರ್ ಬೆಳಕೇ. ಬಾಹ್ಯಾಕಾಶದಲ್ಲಿ ಕೇಬಲ್ ಎಳೆಯುವ ಅಗತ್ಯವಿಲ್ಲ, ಬೆಳಕನ್ನು ನೇರವಾಗಿ ಇನ್ನೊಂದು ಉಪಗ್ರಹದ ದೂರದರ್ಶಕಕ್ಕೆ ಗುರಿಯಿಟ್ಟರೆ ಸಾಕು. ರೇಡಿಯೋ ತರಂಗಕ್ಕಿಂತ ಹಲವು ಪಟ್ಟು ಹೆಚ್ಚು ಮಾಹಿತಿಯನ್ನು ಬೆಳಕಿನಲ್ಲಿ ತುಂಬಿ ಕಳುಹಿಸಬಹುದು.

ಇದು ಹೊಸ ಸಂಗತಿಯೇನಲ್ಲ. 2001ರ ನವೆಂಬರ್‌ನಲ್ಲೇ ಯುರೋಪಿನ ಆರ್ಟೆಮಿಸ್ ಉಪಗ್ರಹ ಫ್ರಾನ್ಸಿನ ಸ್ಪಾಟ್-4 ಉಪಗ್ರಹದಿಂದ ಲೇಸರ್ ಮೂಲಕ ಚಿತ್ರ ಪಡೆದಿತ್ತು. ವೇಗ ಸೆಕೆಂಡಿಗೆ 50 ಮೆಗಾಬಿಟ್. ಈಗ ಯುರೋಪಿನ ಇಡಿಆರ್‌ಎಸ್ ವ್ಯವಸ್ಥೆಯಲ್ಲಿ ಸೆಕೆಂಡಿಗೆ 1.8 ಗಿಗಾಬಿಟ್ ವೇಗದಲ್ಲಿ ಭೂಮಿಯ ಚಿತ್ರಗಳು ರವಾನೆಯಾಗುತ್ತವೆ. ಪ್ರವಾಹ, ಕಾಡ್ಗಿಚ್ಚಿನಂಥ ಸಮಯದಲ್ಲಿ ಈ ಚಿತ್ರಗಳು ಬೇಗ ಕೈಸೇರುವುದು ಮುಖ್ಯ. ಸ್ಟಾರ್‌ಲಿಂಕ್‌ನ ಹೊಸ ಉಪಗ್ರಹಗಳೂ ಲೇಸರ್ ಮೂಲಕವೇ ಒಂದರಿಂದ ಒಂದಕ್ಕೆ ಮಾಹಿತಿ ದಾಟಿಸುತ್ತವೆ. ಹತ್ತಿರದಲ್ಲಿ ಭೂಕೇಂದ್ರವಿಲ್ಲದ ನಡುಸಮುದ್ರದ ಹಡಗಿಗೂ ಇಂಟರ್ನೆಟ್ ಸಿಗಲು ಇದು ನೆರವಾಗುತ್ತದೆ.

ಬಾಹ್ಯಾಕಾಶದ ವಿಕಿರಣ ಎಂದರೆ ಏನು?

ವಿಕಿರಣ ಎಂದ ಕೂಡಲೇ ಎಕ್ಸ್-ರೇ, ಮೊಬೈಲ್ ಟವರ್ ಎಲ್ಲವೂ ಒಟ್ಟಿಗೇ ತಲೆಗೆ ಬರುತ್ತವೆ. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಅತಿ ವೇಗದಲ್ಲಿ ಹಾರುವ ಸೂಕ್ಷ್ಮ ಕಣಗಳ ಬಗ್ಗೆ: ಪ್ರೋಟಾನ್, ಎಲೆಕ್ಟ್ರಾನ್, ಕೆಲವು ಭಾರವಾದ ಪರಮಾಣುಗಳ ಬೀಜಕಣಗಳು. ಇವು ಮೂರು ಕಡೆಯಿಂದ ಬರುತ್ತವೆ.

1. ವ್ಯಾನ್ ಅಲೆನ್ ಪಟ್ಟಿಗಳು: ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡ ಕಣಗಳು ಭೂಮಿಯ ಸುತ್ತ ಎರಡು ದೊಡ್ಡ ಬಳೆಗಳಂತೆ ನಿಂತಿವೆ. 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ರ ಉಪಕರಣದಿಂದ ಜೇಮ್ಸ್ ವ್ಯಾನ್ ಅಲೆನ್ ಇವನ್ನು ಪತ್ತೆಹಚ್ಚಿದರು.
2. ಸೂರ್ಯ: ಸೌರ ಸ್ಫೋಟಗಳಾದಾಗ ಪ್ರೋಟಾನ್‌ಗಳ ಮಳೆಯೇ ಸುರಿಯಬಹುದು.
3. ಗ್ಯಾಲಕ್ಸಿಯ ಕಾಸ್ಮಿಕ್ ಕಿರಣಗಳು: ಸೌರಮಂಡಲದ ಆಚೆಯಿಂದ ಬರುವಂಥವು. ಸಂಖ್ಯೆ ಕಡಿಮೆ, ಶಕ್ತಿ ಬಹಳ ಹೆಚ್ಚು.

ಉಪಗ್ರಹ ಎಲ್ಲಿದೆ ಎಂಬುದರ ಮೇಲೆ ಅಪಾಯ ಬದಲಾಗುತ್ತದೆ. ಕೆಲವು ನೂರು ಕಿ.ಮೀ ಎತ್ತರದಲ್ಲಿರುವ ಸ್ಟಾರ್‌ಲಿಂಕ್ ಉಪಗ್ರಹಗಳು ಒಳಪಟ್ಟಿಗಿಂತ ಕೆಳಗಿವೆ. ಆದರೂ ದಕ್ಷಿಣ ಅಟ್ಲಾಂಟಿಕ್ ಮತ್ತು ಬ್ರೆಜಿಲ್ ಮೇಲೆ ಹಾದುಹೋಗುವಾಗ ಅವಕ್ಕೆ ಹೆಚ್ಚು ಕಣಗಳು ತಾಗುತ್ತವೆ. ಅಲ್ಲಿ ಕಾಂತಕ್ಷೇತ್ರ ದುರ್ಬಲವಾಗಿರುವುದರಿಂದ ಒಳಪಟ್ಟಿ ಕೆಳಕ್ಕೆ ಇಳಿದುಬಂದಿದೆ. ಹಬಲ್ ದೂರದರ್ಶಕವಂತೂ ಆ ಜಾಗ ದಾಟುವಾಗ ವೀಕ್ಷಣೆಯನ್ನೇ ನಿಲ್ಲಿಸುತ್ತದೆ. ಇನ್ನು 35,786 ಕಿ.ಮೀ ಎತ್ತರದ ಭೂಸ್ಥಿರ ಉಪಗ್ರಹಗಳು ಹೊರಪಟ್ಟಿಯೊಳಗೇ ವಾಸಿಸುತ್ತವೆ.

ದಾರಿಯಲ್ಲಿ ಬೆಳಕಿಗೆ ಏನಾಗುತ್ತದೆ?

ಏನೂ ಆಗುವುದಿಲ್ಲ ಎಂದೇ ಹೇಳಬಹುದು. ಬೆಳಕಿಗೆ ವಿದ್ಯುದಾವೇಶವಿಲ್ಲ, ಹಾಗಾಗಿ ಕಾಂತಕ್ಷೇತ್ರ ಅದನ್ನು ಆಚೀಚೆ ಬಾಗಿಸದು. ವಿಕಿರಣದ ಕಣಗಳು ಎಷ್ಟೇ ಬಂದರೂ ಅವು ಇರುವ ಜಾಗ ಬಹುತೇಕ ಖಾಲಿಯೇ. ಬೆಳಕು ಅವುಗಳ ನಡುವೆ ಸಲೀಸಾಗಿ ದಾಟಿಹೋಗುತ್ತದೆ.

ಇಲ್ಲಿ ರೇಡಿಯೋಗೂ ಲೇಸರ್‌ಗೂ ಒಂದು ವ್ಯತ್ಯಾಸವಿದೆ. ಸೌರ ಬಿರುಗಾಳಿ ಬಂದಾಗ ಮೇಲ್ವಾತಾವರಣದ ಅಯಾನುಗೋಳ ಕಲಕುತ್ತದೆ. ಆಗ ಜಿಪಿಎಸ್ ಸ್ಥಾನ ತಪ್ಪಬಹುದು, ಕೆಲವು ರೇಡಿಯೋ ಸಂಪರ್ಕಗಳು ನಿಂತೇ ಹೋಗಬಹುದು. ಜಿಪಿಎಸ್ ತರಂಗ ಸೆಕೆಂಡಿಗೆ ಸುಮಾರು 157 ಕೋಟಿ ಸಲ ಕಂಪಿಸುತ್ತದೆ. ಸಂಪರ್ಕಕ್ಕೆ ಬಳಸುವ ಅವಕೆಂಪು ಲೇಸರ್ ಬೆಳಕು ಸೆಕೆಂಡಿಗೆ ಸುಮಾರು 200 ಲಕ್ಷ ಕೋಟಿ ಸಲ. ಇಷ್ಟು ಬೇಗದ ಕಂಪನಕ್ಕೆ ಅಯಾನುಗೋಳದ ಎಲೆಕ್ಟ್ರಾನ್‌ಗಳು ಹೆಜ್ಜೆ ಹಾಕಲಾರವು. ಆದ್ದರಿಂದ ಈ ಒಂದು ವಿಷಯದಲ್ಲಿ ಲೇಸರ್ ರೇಡಿಯೋಗಿಂತ ಗಟ್ಟಿ.

ಹಾಗಾದರೆ ಪೆಟ್ಟು ಎಲ್ಲಿ?

*ಗಾಜು ಕಪ್ಪಾಗುತ್ತದೆ.* ಹೊಗೆ ಬಣ್ಣದ ಸ್ಫಟಿಕ ನೋಡಿದ್ದೀರಾ? ಬಂಡೆಯೊಳಗಿನ ಸಹಜ ವಿಕಿರಣ ಬಹಳ ದೀರ್ಘಕಾಲ ತಾಗಿ ಅದಕ್ಕೆ ಆ ಬಣ್ಣ ಬಂದಿರುತ್ತದೆ. ಉಪಗ್ರಹದ ಗಾಜಿನಲ್ಲೂ ನಡೆಯುವುದು ಇದೇ. ಕಣಗಳು ಗಾಜಿನೊಳಗೆ ಎಲೆಕ್ಟ್ರಾನ್‌ಗಳನ್ನು ಅವುಗಳ ಜಾಗದಿಂದ ಎಬ್ಬಿಸುತ್ತವೆ, ಅವು ಬೇರೆಡೆ ಸಿಕ್ಕಿಕೊಂಡು ಬೆಳಕನ್ನು ನುಂಗುವ ತಾಣಗಳಾಗುತ್ತವೆ. ಮಸೂರಕ್ಕಿಂತ ಹೆಚ್ಚು ಸೂಕ್ಷ್ಮ ಎಂದರೆ ಎರ್ಬಿಯಂ ಧಾತು ಬೆರೆಸಿದ ಫೈಬರ್. ಲೇಸರ್ ಬೆಳಕನ್ನು ಕಳುಹಿಸುವ ಮುನ್ನ ಅದರ ಬಲ ಹೆಚ್ಚಿಸುವುದು ಈ ಫೈಬರ್. ಎರ್ಬಿಯಂ ಚೆನ್ನಾಗಿ ಬೆರೆಯಲೆಂದು ಅದರ ಜತೆ ಅಲ್ಯುಮಿನಿಯಂನಂಥ ಬೇರೆ ಧಾತುಗಳನ್ನೂ ಸೇರಿಸುತ್ತಾರೆ, ವಿಕಿರಣಕ್ಕೆ ಬೇಗ ಮಸುಕಾಗಲು ಮುಖ್ಯ ಕಾರಣ ಅವೇ. ಫೈಬರ್ ಮಸುಕಾದಷ್ಟೂ ಹೊರಡುವ ಬೆಳಕು ಕ್ಷೀಣ.

*ಬೆಳಕು ಹಿಡಿಯುವ ಕಣ್ಣಿಗೆ ಗೊಂದಲ.* ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದು ಸಂವೇದಕದ ಕೆಲಸ. ಪ್ರೋಟಾನ್ ಬಡಿದಾಗ ಸಂವೇದಕದ ಅಚ್ಚುಕಟ್ಟಾದ ಪರಮಾಣು ಜೋಡಣೆಯಲ್ಲಿ ಕೆಲವು ಪರಮಾಣುಗಳು ಕಿತ್ತುಬರುತ್ತವೆ. ಆಮೇಲೆ ಬೆಳಕು ಬರದಿದ್ದರೂ "ಬೆಳಕು ಬಂತು" ಎಂದು ಅದು ಸುಳ್ಳು ಸಂಕೇತ ಕೊಡತೊಡಗುತ್ತದೆ. ಕಿವಿಯೊಳಗೆ ಸದಾ ಗುಂಯ್ ಎನ್ನುತ್ತಿದ್ದರೆ ಪಿಸುಮಾತು ಕೇಳಿಸದಲ್ಲ, ಹಾಗೆ. ಒಂದೊಂದೇ ಫೋಟಾನ್ ಎಣಿಸಬೇಕಾದ ಕಡೆ ಈ ತೊಂದರೆ ದೊಡ್ಡದು. 2016ರಲ್ಲಿ ಚೀನಾ ಹಾರಿಸಿದ ಕ್ವಾಂಟಮ್ ಸಂವಹನದ ಮೋಝಿ ಉಪಗ್ರಹದಲ್ಲಿ ಈ ಕಾರಣಕ್ಕೇ ಸಂವೇದಕಗಳನ್ನು ತಣ್ಣಗೆ ಇಟ್ಟಿದ್ದರು.

*ಗುರಿ ತಪ್ಪುವ ಸಾಧ್ಯತೆ.* ಲೇಸರ್ ಕಿರಣ 45,000 ಕಿ.ಮೀ ಸಾಗಿದರೂ ಕೆಲವು ನೂರು ಮೀಟರ್ ಮಾತ್ರ ಅಗಲವಾಗುತ್ತದೆ. ಅಷ್ಟು ಸಣ್ಣ ಗುರಿ ಹಿಡಿಯಲು ಉಪಗ್ರಹಗಳು ನಕ್ಷತ್ರ ನೋಡುವ ಕ್ಯಾಮೆರಾಗಳನ್ನು ಬಳಸುತ್ತವೆ. ಕಣಗಳು ಈ ಕ್ಯಾಮೆರಾಗಳಿಗೆ ಬಡಿದಾಗ ಚಿತ್ರದಲ್ಲಿ ಬಿಳಿ ಚುಕ್ಕಿ, ಗೀರುಗಳು ಮೂಡುತ್ತವೆ. 2003ರ ಅಕ್ಟೋಬರ್ ಕೊನೆಯ ಸೌರ ಬಿರುಗಾಳಿಯಲ್ಲಿ ಸೂರ್ಯನನ್ನು ನೋಡುವ ಸೋಹೋ ನೌಕೆಯ ಚಿತ್ರಗಳು ಹಿಮ ಸುರಿದಂತೆ ಕಂಡಿದ್ದವು. ಇಂಥ ಹಿಮದ ನಡುವೆ ನಕ್ಷತ್ರ ಯಾವುದು, ಎದುರಿನ ಉಪಗ್ರಹದ ಬೆಳಕು ಯಾವುದು ಎಂದು ಗುರುತಿಸುವುದು ಕಷ್ಟ. ಸೌರ ಬಿರುಗಾಳಿಯ ಹೊತ್ತಿನಲ್ಲಿ ಲೇಸರ್ ಸಂಪರ್ಕ ತಡವರಿಸಲು ಇದು ಒಂದು ನಿಜವಾದ ದಾರಿ.

*ಚಿಪ್‌ನಲ್ಲಿ ಸೊನ್ನೆ ಒಂದಾಗುವುದು.* ಒಂದೇ ಒಂದು ಕಣ ಮೆಮೊರಿಗೆ ಬಡಿದು 0 ಇದ್ದದ್ದು 1 ಆಗಬಹುದು. ಇದು ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದಕ್ಕೆ ನೆಲದ ಮೇಲಿನ ಒಂದು ಉದಾಹರಣೆ ಪ್ರಸಿದ್ಧ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ ಎಲೆಕ್ಟ್ರಾನಿಕ್ ಮತದಾನದ ಲೆಕ್ಕದಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚು ಬಂದಿತ್ತು. ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ ಒಂದೇ ಬಿಟ್ ಬದಲಾದರೆ ಸರಿಯಾಗಿ ಇಷ್ಟೇ ವ್ಯತ್ಯಾಸ ಬರುತ್ತದೆ. ಕಾಸ್ಮಿಕ್ ಕಿರಣವೇ ಕಾರಣ ಎಂಬ ಊಹೆ ಇದೆ, ಸಾಬೀತಾಗಿಲ್ಲ. ನೆಲದಲ್ಲಿ ಇದು ಅಪರೂಪ. ಉಪಗ್ರಹಗಳಲ್ಲಿ ಮಾಮೂಲಿ.

ಎಂಜಿನಿಯರುಗಳು ಏನು ಮಾಡುತ್ತಾರೆ?

ಮೊದಲನೆಯದು ಪರೀಕ್ಷೆ. ಹಾರಿಸುವ ಮುನ್ನವೇ ಕೋಬಾಲ್ಟ್-60ರ ಗಾಮಾ ಕಿರಣಕ್ಕೆ, ಪ್ರೋಟಾನ್ ಕಿರಣಕ್ಕೆ ಭಾಗಗಳನ್ನು ಒಡ್ಡಿ, ಹಲವು ವರ್ಷಗಳ ವಿಕಿರಣವನ್ನು ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕೊಟ್ಟು ನೋಡುತ್ತಾರೆ. ಎರಡನೆಯದು ವಸ್ತುವಿನ ಆಯ್ಕೆ. ಸೀರಿಯಂ ಬೆರೆಸಿದ ಗಾಜು ಅಷ್ಟು ಬೇಗ ಕಪ್ಪಾಗುವುದಿಲ್ಲ. ಫೈಬರ್‌ನಲ್ಲೂ ಇದೇ ಉಪಾಯ ಬಳಸುತ್ತಾರೆ. ಮೂರನೆಯದು ಅಲ್ಯುಮಿನಿಯಂ ಕವಚ. ಎಲೆಕ್ಟ್ರಾನ್‌ಗಳನ್ನು ಇದು ಚೆನ್ನಾಗಿ ತಡೆಯುತ್ತದೆ. ಆದರೆ ಕಾಸ್ಮಿಕ್ ಕಿರಣಗಳಿಗೆ ಕೆಲವು ಮಿಲಿಮೀಟರ್ ಲೋಹ ಲೆಕ್ಕಕ್ಕಿಲ್ಲ, ಉಪಗ್ರಹದ ತೂಕ ಹೆಚ್ಚಿಸುವುದಕ್ಕೂ ಮಿತಿಯಿದೆ.

ಹಾಗಾಗಿ ನಾಲ್ಕನೆಯ ದಾರಿ: ಪೆಟ್ಟು ಬೀಳುತ್ತದೆ ಎಂದು ಒಪ್ಪಿಕೊಂಡೇ ಕಟ್ಟುವುದು. ಕೊನೆಯ ವರ್ಷದಲ್ಲಿ ಬೆಳಕು ಕ್ಷೀಣಿಸಿದರೂ ಸಾಲುವಷ್ಟು ಹೆಚ್ಚುವರಿ ಶಕ್ತಿ ಮೊದಲೇ ಇಡುತ್ತಾರೆ. ಮುಖ್ಯ ಲೆಕ್ಕವನ್ನು ಮೂರು ಕಡೆ ಮಾಡಿಸಿ, ಎರಡು ಕಡೆ ಬಂದ ಉತ್ತರವನ್ನು ಒಪ್ಪುತ್ತಾರೆ. ಮಾಹಿತಿಯ ಜತೆಗೆ ತಪ್ಪು ತಿದ್ದುವ ಸಂಕೇತಗಳನ್ನೂ ಕಳುಹಿಸುತ್ತಾರೆ. ಒಂದು ಸ್ವಾರಸ್ಯವೆಂದರೆ, ಮಸುಕಾದ ಫೈಬರ್ ಬಿಸಿ ತಾಗಿದಾಗ, ಕೆಲವೊಮ್ಮೆ ಅದರೊಳಗೆ ಹರಿಯುವ ಬೆಳಕಿನಿಂದಲೇ, ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

ಇದು ಫಲ ಕೊಟ್ಟಿದೆ. 2023ರ ಡಿಸೆಂಬರ್ 11ರಂದು ನಾಸಾದ ಸೈಕಿ ನೌಕೆ ಸುಮಾರು 3.1 ಕೋಟಿ ಕಿ.ಮೀ ದೂರದಿಂದ ಲೇಸರ್ ಮೂಲಕ ಬೆಕ್ಕಿನ ವಿಡಿಯೊ ಒಂದನ್ನು ಭೂಮಿಗೆ ಕಳುಹಿಸಿತು, ವೇಗ ಸೆಕೆಂಡಿಗೆ 267 ಮೆಗಾಬಿಟ್. ಆ ಉಪಕರಣ ಇದ್ದದ್ದು ಭೂಮಿಯ ಕಾಂತಕ್ಷೇತ್ರದ ರಕ್ಷಣೆಯಿಂದ ಬಹಳ ಆಚೆ.

ನಿಜವಾಗಿ ನಡೆದದ್ದು

ವಿಕಿರಣ ಉಪಗ್ರಹವನ್ನು ಕೊಂದದ್ದೇ ಇಲ್ಲ ಎಂದಲ್ಲ. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ ಎತ್ತರದಲ್ಲಿ ಅಣುಬಾಂಬ್ ಸಿಡಿಸಿತು. ಮರುದಿನವೇ ಹಾರಿದ ಟೆಲ್‌ಸ್ಟಾರ್-1 ಉಪಗ್ರಹ, ಆ ಸ್ಫೋಟ ಬಿಟ್ಟುಹೋದ ಹೆಚ್ಚುವರಿ ಕಣಗಳ ನಡುವೆ ಓಡಾಡಿ ಕೆಲವೇ ತಿಂಗಳಲ್ಲಿ ಕೆಟ್ಟಿತು. ಅದು ರೇಡಿಯೋ ಉಪಗ್ರಹ. ಕೆಟ್ಟದ್ದು ತರಂಗವಲ್ಲ, ಆದೇಶ ಸ್ವೀಕರಿಸುವ ಎಲೆಕ್ಟ್ರಾನಿಕ್ ಭಾಗ.

2022ರ ಫೆಬ್ರವರಿಯಲ್ಲಿ ಆಗಷ್ಟೇ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಬಹುಪಾಲು ಬಿದ್ದುಹೋದವು. ಇದನ್ನು ವಿಕಿರಣದ ಲೆಕ್ಕಕ್ಕೆ ಬರೆಯುವವರಿದ್ದಾರೆ. ಕಾರಣ ಬೇರೆ: ಸೌರ ಬಿರುಗಾಳಿಯಿಂದ ಬಿಸಿಯಾದ ಮೇಲ್ವಾತಾವರಣ ಉಬ್ಬಿ, ಕೆಳಮಟ್ಟದಲ್ಲಿದ್ದ ಉಪಗ್ರಹಗಳನ್ನು ಗಾಳಿಯ ಘರ್ಷಣೆ ಎಳೆದುಹಾಕಿತು.

2024ರ ಮೇ 10-11ರ ಬಿರುಗಾಳಿ ಎರಡು ದಶಕಗಳಲ್ಲೇ ದೊಡ್ಡದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಲಡಾಖಿನ ಹಾನ್ಲೆ ವೀಕ್ಷಣಾಲಯದಿಂದಲೂ ಆಕಾಶ ಕೆಂಪಾಗಿ ಕಂಡಿತು. ಸೇವೆಯ ಗುಣಮಟ್ಟ ಕುಸಿದಿದೆ ಎಂದು ಸ್ಟಾರ್‌ಲಿಂಕ್ ಹೇಳಿತು. ಆದರೆ ಜಾಲ ಉಳಿಯಿತು.

ಫಾರ್ವರ್ಡ್ ಮಾಡುವ ಮುನ್ನ

"ಕಾಸ್ಮಿಕ್ ಕಿರಣಕ್ಕೆ ಮೊಬೈಲ್ ಆಫ್ ಮಾಡಿ": ಸುಳ್ಳು. ಫೋನ್ ಆಫ್ ಆಗಿದ್ದರೂ ಆನ್ ಆಗಿದ್ದರೂ ಆ ಕಿರಣಗಳಿಗೆ ವ್ಯತ್ಯಾಸವಿಲ್ಲ.

"ಸೌರ ಬಿರುಗಾಳಿ ಲೇಸರ್ ಬೆಳಕನ್ನು ಕತ್ತರಿಸುತ್ತದೆ": ತಪ್ಪು. ಬೆಳಕು ಸಾಗುತ್ತದೆ, ಉಪಕರಣ ಸ್ವಲ್ಪ ಹೊತ್ತು ತಡವರಿಸಬಹುದು.

"ವಿಕಿರಣದಿಂದ ಉಪಗ್ರಹಕ್ಕೆ ಏನೂ ಆಗದು": ಇದೂ ತಪ್ಪು. ಆಯಸ್ಸು ಕಡಿಮೆಯಾಗುತ್ತದೆ, ಬಹಳ ದೊಡ್ಡ ಬಿರುಗಾಳಿಯಲ್ಲಿ ಕೆಲವು ಉಪಗ್ರಹಗಳು ಕೆಡಲೂಬಹುದು.

ಇಂಥ ಸಂದೇಶ ಬಂದಾಗ ಎರಡು ಪ್ರಶ್ನೆ ಕೇಳಿ: ಯಾವ ದಿನಾಂಕದ್ದು? ಹಾನಿ ಯಾವುದಕ್ಕೆ, ನೆಲದ ಮೇಲಿನ ನಮಗೋ ಮೇಲಿನ ಉಪಗ್ರಹಕ್ಕೋ? "ಇಂದು ರಾತ್ರಿ" ಎಂದು ದಿನಾಂಕವಿಲ್ಲದೆ ಬಂದದ್ದು ಪ್ರತಿ ರಾತ್ರಿಯೂ ಹೊಸದಾಗಿಯೇ ಕಾಣುತ್ತದೆ.

ಇದರಿಂದ ಏನು ಮಹಾ ನಷ್ಟ, ಒಂದು ರಾತ್ರಿ ಫೋನ್ ಆಫ್ ಮಾಡಿದರಾಯಿತು ಎನ್ನಬಹುದು. 2023ರಲ್ಲಿ ದೂರಸಂಪರ್ಕ ಇಲಾಖೆ ಪರೀಕ್ಷೆಗಾಗಿ ಕಳುಹಿಸಿದ ತುರ್ತು ಎಚ್ಚರಿಕೆಗೆ ಫೋನ್‌ಗಳು ಜೋರಾಗಿ ಕೂಗಿದ್ದು ನೆನಪಿದೆಯೇ? ಮಳೆಗಾಲದ ರಾತ್ರಿ ಗುಡ್ಡ ಕುಸಿಯುವ, ಹೊಳೆ ಉಕ್ಕುವ ಊರುಗಳಿಗೆ ಅಂಥ ಎಚ್ಚರಿಕೆ ತಲುಪಬೇಕು. ಆಸ್ಪತ್ರೆಯಲ್ಲಿರುವ ಮನೆಯವರ ಕರೆಯೂ ರಾತ್ರಿಯೇ ಬರಬಹುದು. ಸ್ವಿಚ್ ಆಫ್ ಆದ ಫೋನಿಗೆ ಇವೆರಡೂ ಬರುವುದಿಲ್ಲ.