ಡಿಕ್ಕಿಗೆ ಇಳಿಯುವ ಚಾವಣಿ

ಫ್ರಾನ್ಸಿನ ಜಾರ್ಜ್ ಪೌಲಾಂ ವೃತ್ತಿಯಿಂದ ದಂತವೈದ್ಯ. ಕಾರಿನ ಲೋಹದ ಚಾವಣಿ ಇಡಿಯಾಗಿ ಹಿಂದೆ ಸರಿದು ಡಿಕ್ಕಿಯೊಳಗೆ ಅಡಗುವ ವ್ಯವಸ್ಥೆಗೆ ಆತ 1930ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ. 1934ರಲ್ಲಿ ಪ್ಯೂಜೋ ಕಂಪನಿಯ 'ಎಕ್ಲಿಪ್ಸ್' ಕಾರುಗಳು ಅದನ್ನು ರಸ್ತೆಗಿಳಿಸಿದವು. ಬಟ್ಟೆಯ ಹೊದಿಕೆಯಡಿ ಚಳಿ, ಗದ್ದಲ ಸಹಿಸುತ್ತಿದ್ದವರಿಗೆ ಇದು ದೊಡ್ಡ ಸುಖ. ಪೌಲಾಂನ ಬದುಕು ಮಾತ್ರ ಬೇಗ ಮುಗಿಯಿತು. ನಾಜಿಗಳ ವಿರುದ್ಧ ಗುಪ್ತವಾಗಿ ದುಡಿದ ಆತನನ್ನು ಅವರು 1942ರಲ್ಲಿ ಗುಂಡಿಟ್ಟು ಕೊಂದರು. ಕಾರುಗಳ ಚರಿತ್ರೆಯಲ್ಲಿ ಈ ಹೆಸರಿಗೆ ಇನ್ನೂ ಹೆಚ್ಚಿನ ಗೌರವ ಸಲ್ಲಬೇಕು.

ಅಮೆರಿಕದ ಫೋರ್ಡ್ 1957ರಲ್ಲಿ ಇಂಥದ್ದೇ ಚಾವಣಿಯ ಸ್ಕೈಲೈನರ್ ಕಾರನ್ನು ತಂದಿತು. ಸುಮಾರು 600 ಅಡಿ ವೈರು, ಏಳು ಮೋಟಾರು! ಚಾವಣಿ ಒಳಗಿಳಿದರೆ ಸಾಮಾನಿಗೆ ಹೆಚ್ಚು ಜಾಗ ಉಳಿಯುತ್ತಿರಲಿಲ್ಲ, ಬೆಲೆಯೂ ದುಬಾರಿ. 1959ಕ್ಕೇ ತಯಾರಿಕೆ ನಿಂತಿತು.

ಈ ಕಲ್ಪನೆಯನ್ನು ಮತ್ತೆ ಜನಪ್ರಿಯಗೊಳಿಸಿದ್ದು 1996ರ ಮರ್ಸಿಡಿಸ್ ಎಸ್‌ಎಲ್‌ಕೆ. ಆದರೆ ಅದು ಇಬ್ಬರ ಕಾರು.

ನಾಲ್ವರು ಕೂರಬಹುದಾದ, ದೂರದ ಪಯಣಕ್ಕೂ ಹಿತವಾದ ಕಾರೆಂದರೆ ವೋಲ್ವೋ ಸಿ70ರ ಎರಡನೇ ಪೀಳಿಗೆ. ಇಟಲಿಯ ಪಿನಿನ್‌ಫರೀನಾ ಜತೆಗೂಡಿ ಸ್ವೀಡನ್ನಿನ ಉದ್ದೆವಲ್ಲಾದಲ್ಲಿ ಕಟ್ಟಿದ ಈ ಕಾರಿನ ಚಾವಣಿ ಮೂರು ತುಂಡುಗಳಾಗಿ ಮಡಚಿಕೊಳ್ಳುತ್ತದೆ. 2013ರಲ್ಲಿ ಆ ಕಾರ್ಖಾನೆ ಮುಚ್ಚಿತು. ಹಾಗಾಗಿ ಇಂದು ಕೊಳ್ಳುವವರಿಗೆ ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ.

ಇಂಥ ಕಾರಿನಲ್ಲಿ ಎಂಜಿನ್ನಿನಷ್ಟೇ ಚಾವಣಿಯನ್ನೂ ಪರೀಕ್ಷಿಸಬೇಕು. ಹಲವು ಸಲ ತೆರೆದು ಮುಚ್ಚಿಸಿ, ಹೈಡ್ರಾಲಿಕ್ ಎಣ್ಣೆ ಜಿನುಗಿದೆಯೇ, ರಬ್ಬರು ಬಿರುಕುಬಿಟ್ಟಿದೆಯೇ, ಡಿಕ್ಕಿಯ ತಳದಲ್ಲಿ ತೇವವಿದೆಯೇ ನೋಡಬೇಕು. ಚಾವಣಿ ನಡುವೆಯೇ ತಡವರಿಸಿದರೆ, ಬೆಲೆ ಎಷ್ಟೇ ಅಗ್ಗವಾಗಿರಲಿ, ಆ ಕಾರನ್ನು ಬಿಟ್ಟುಬಿಡುವುದೇ ಒಳ್ಳೆಯದು.